ಅಪ್‌ಡೇಟ್: ನಮ್ಮ ಕ್ಲಬ್ಬಿನ ಏರ್ ರೈಫಲ್ ಸ್ಪರ್ಧೆ ಮುಗಿಯಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಶಿವಮೊಗ್ಗದಲ್ಲಿ ನಮ್ಮ ಕ್ಲಬ್ ಸದಸ್ಯರ ವಾರ್ಷಿಕ ಸ್ಪರ್ಧೆಗೆ ಮೊದಲ ಸಲ ಇಳಿಯುತ್ತಿದ್ದೇನೆ, ಹೊಡೆತವೆಲ್ಲ ಬಲಕ್ಕೆ ಹೋಗುತ್ತಿದೆ ಅಂತ. ಟ್ರಿಗರ್ ಎಳೆಯಬೇಡಿ, ಮೆಲ್ಲಗೆ ಒತ್ತಿ ಎಂದಿದ್ದಿರಿ. ಅದೇ ಸರಿ! ದಿನಾ ಸಂಜೆ ಖಾಲಿ ರೈಫಲ್ ಹಿಡಿದು, ಅರ್ಧ ಉಸಿರು ಬಿಟ್ಟು, ಗೋಡೆಯ ಚುಕ್ಕಿ ನೋಡುತ್ತಾ ನಿಂತೆ.

ಭಾನುವಾರ ಜಡಿಮಳೆ. ತಗಡಿನ ಮಾಡಿನ ಸದ್ದಿಗೆ ಮೊದಲ ಐದು ಹೊಡೆತ ಹಾಳಾದವು. ಆಮೇಲೆ ಕೈ ನಿಂತಿತು. 10 ಮೀಟರ್ ದೂರ, ಟಾರ್ಗೆಟ್ ನಡುವಿನ, ಹತ್ತು ಅಂಕದ ಚುಕ್ಕಿ ಬರೀ 0.5 ಮಿಲಿಮೀಟರ್. ಹಾರಿಸುವ ಪುಟ್ಟ ಗುಂಡು, ಅಂದರೆ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ ಇರುತ್ತದೆ, ನೋಡಿ. ಆ ಚುಕ್ಕಿಗೆ ಎರಡು ಸಲ ತಾಗಿಸಿದೆ.

ಬಹುಮಾನ ಬರಲಿಲ್ಲ. ಆದರೆ ಗೆದ್ದ ಹಿರಿಯರೇ ನನ್ನ ಟಾರ್ಗೆಟ್ ಕಾಗದ ನೋಡಿ, "ತೂತೆಲ್ಲ ಒಂದೇ ಕಡೆ ಬಿದ್ದಿವೆ ಮಾರಾಯ, ಇನ್ನು ಸೈಟ್ ಒಂಚೂರು ಸರಿಮಾಡಿಕೊ ಸಾಕು" ಅಂದರು (ಸೈಟ್ ಅಂದರೆ ರೈಫಲ್ ಮೇಲೆ ಗುರಿ ನೋಡುವ ಭಾಗ). ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಕಡುಬು, ಕೋಳಿಸಾರು ಉಂಡೆವು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.