ಬಟ್ಟೆ ಅಂದ್ರೆ ದಾರಿ ಅಂತೆ, ಮಗಳಿಗೆ ಏನಂತ ಹೇಳ್ಲಿ?

ಮೆಲ್ಬರ್ನ್ ಅಮ್ಮ
ಎಲ್ರಿಗೂ ನಮಸ್ಕಾರ. ಸ್ವಲ್ಪ ಬೇಜಾರಲ್ಲಿ ಬರೀತಿದೀನಿ. ಮಗಳು ಐದನೇ ಕ್ಲಾಸು, ಇಲ್ಲೇ ಹುಟ್ಟಿದ್ದು, ಭಾನುವಾರದ ಕನ್ನಡ ಕ್ಲಾಸಿಗೆ ಇಷ್ಟಪಟ್ಟೇ ಹೋಗ್ತಿದ್ಲು. ಬಸವ ಜಯಂತಿಗೆ ಅಂತ ಒಂದು ವಚನ ಬಾಯಿಪಾಠ ಕೊಟ್ಟಿದ್ರು, ಅದ್ರಲ್ಲಿ ಬಟ್ಟೆ ಅನ್ನೋ ಪದ ಬರುತ್ತೆ. ಪದಗಳ ಅರ್ಥ ಬರ್ಕೊಂಡ್ ಬಾ ಅಂದಿದ್ಕೆ ಇವಳು ಉಟ್ಕೊಳ್ಳೋ ಬಟ್ಟೆ ಅಂತ ಬರೆದು ಪಕ್ಕದಲ್ಲಿ ಒಂದು ಲಂಗದ ಚಿತ್ರಾನೂ ಬಿಡಿಸಿದ್ಲು. ಅದರ ಮೇಲೆ ಗೀಟು ಹಾಕಿ ದಾರಿ ಅಂತ ಬರೆದು ಕಳ್ಸಿದಾರೆ, ಯಾಕೆ ಅಂತ ಒಂದ್ ಮಾತೂ ಇಲ್ಲ. ನೀನೇ ದಿನಾ ಬಟ್ಟೆ ಮಡಚು ಅಂತೀಯ, ಈಗ ಬಟ್ಟೆ ಅಂದ್ರೆ ರಸ್ತೆ ಅಂತಾರೆ, ನಿಮ್ ಭಾಷೇನೇ ಸರಿ ಇಲ್ಲ ಅಂತ ಅತ್ತುಬಿಟ್ಲು. "ನಿಮ್ ಭಾಷೆ" ಅಂದಿದ್ದು ನಂಗೆ ತುಂಬ ನೋವಾಯ್ತು, ಅಲ್ಲೀತನಕ ನಮ್ ಭಾಷೆ ಅಂತಿದ್ಲು. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮು, ಹಳಗನ್ನಡ ಬರಲ್ಲ. ಇದು ಒಂದೇ ಪದಕ್ಕೆ ಎರಡರ್ಥಾನಾ, ಇಲ್ಲ ಎರಡು ಬೇರೆ ಪದಾನಾ? ಮಗೂಗೆ ಹೇಗೆ ಹೇಳ್ಲಿ? ಬೈಬೇಡಿ, ದಯವಿಟ್ಟು ಉತ್ತರ ಕೊಡಿ.

ನ್ಯೂಜೆರ್ಸಿ ಅತ್ತೆ
ಅಳಬೇಡಮ್ಮ. ನಮ್ ಮನೇಲೂ ಹಿಂಗೇ ಆಗಿತ್ತು, ಆಮೇಲೆ ಸರಿಹೋಯ್ತು. ನನ್ ಮಗಳು ಈಗ ಭರತನಾಟ್ಯದಲ್ಲಿ ದಾಸರ ಪದಗಳಿಗೆ ಅಭಿನಯ ಮಾಡ್ತಾಳೆ, ಒಂದೊಂದು ಪದದ ಅರ್ಥಾನೂ ಕೇಳಿ ಕೇಳಿ ತಿಳ್ಕೊಂಡೇ ಹೆಜ್ಜೆ ಹಾಕೋದು. ಡ್ಯಾನ್ಸಿಗೆ ಸೇರ್ಸಿ, ಭಾಷೆ ತಾನಾಗೇ ಬರುತ್ತೆ.

ಹಳೇ ನಿಘಂಟು
ಎರಡು ಬೇರೆ ಪದ. ಮೂಲಾನೂ ಬೇರೆ ಬೇರೆ, ಕನ್ನಡಕ್ಕೆ ಬಂದು ಒಂದೇ ರೂಪ ತಾಳಿವೆ ಅಷ್ಟೆ. ದಾರಿ ಅನ್ನೋ ಅರ್ಥದ ಬಟ್ಟೆ ಸಂಸ್ಕೃತದ ವರ್ತ್ಮ ಅನ್ನೋದರ ತದ್ಭವ. ವಕಾರ ಬಕಾರ ಆಗೋದು ಕನ್ನಡದಲ್ಲಿ ತುಂಬ ಸಹಜ: ವನ ಬನ ಆಯ್ತು, ವರ್ಣ ಬಣ್ಣ ಆಯ್ತು, ವೀಥಿ ಬೀದಿ ಆಯ್ತು, ದೀಪಕ್ಕೆ ಹಾಕೋ ಬತ್ತಿ ಕೂಡ ವರ್ತಿ ಅನ್ನೋದರಿಂದ ಬಂದಿದ್ದು. 13ನೇ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ತದ್ಭವಗಳಿಗೇ ಅಂತ ಒಂದು ಪ್ರಕರಣ ಇಟ್ಟಿದ್ದಾನೆ. ಮರಾಠಿಯ ವಾಟ, ಕೊಂಕಣಿಯ ವಾಟ್, ತೆಲುಗಿನ ಬಾಟ, ಎಲ್ಲಾ ದಾರಿಯೇ, ಎಲ್ಲಾ ಅದೇ ಬಳಗ. ಹಳಗನ್ನಡದಲ್ಲಿ ದಾರಿಹೋಕನಿಗೆ ಬಟ್ಟೆಗ ಅಂತಿದ್ರು, ದಾರಿ ತಪ್ಪೋದಕ್ಕೆ ಬಟ್ಟೆಗೆಡು, ಈಗ ನಾವು ಹೆದ್ದಾರಿ ಅನ್ನೋದಕ್ಕೆ ಹೆಬ್ಬಟ್ಟೆ. ಉಡೋ ಬಟ್ಟೆ ಬೇರೇನೇ, ಅದು ಪಟ, ಪಟ್ಟ ಅನ್ನೋ ಬಳಗದ್ದು ಅಂತ ನನ್ನ ಅಭಿಪ್ರಾಯ. ಸಂಸ್ಕೃತದಲ್ಲಿ ಪಟ ಅಂದ್ರೆ ನೇಯ್ದ ಬಟ್ಟೆ. ಗಾಳಿಪಟ, ಚಿತ್ರಪಟದಲ್ಲಿ ಇರೋದು ಅದೇ ಪಟ.

ಮಗೂಗೆ ಸುಲಭವಾಗಿ ಹೇಳ್ಬೇಕಂದ್ರೆ ನೆರೆ ಅನ್ನೋ ಪದ ತಗೊಳ್ಳಿ. ನೆರೆಮನೆ ಅಂದ್ರೆ ಪಕ್ಕದ ಮನೆ, ನದಿಗೆ ನೆರೆ ಬಂತು ಅಂದ್ರೆ ಪ್ರವಾಹ, ಕೂದಲು ನೆರೆತಿದೆ ಅಂದ್ರೆ ಬೆಳ್ಳಗಾಗಿದೆ. ಇಂಗ್ಲಿಷಲ್ಲಿ ಬ್ಯಾಟ್ ಅಂದ್ರೆ ಬಾವಲಿನೂ ಹೌದು ಕ್ರಿಕೆಟ್ ಆಡೋದೂ ಹೌದು, ಅದಕ್ಕೆ ಅವಳು ಇಂಗ್ಲಿಷ್ ಸರಿ ಇಲ್ಲ ಅಂದಿರಲ್ಲ. ಅವಳು ಬರೆದ ಅರ್ಥ ತಪ್ಪಲ್ಲ, ಆ ವಚನಕ್ಕೆ ಹೊಂದಲ್ಲ ಅಂತ ಮೊದಲು ಹೇಳಿ. ತಪ್ಪು ಅನ್ನೋ ಮಾತೇ ಅವಳನ್ನ ಅಳಿಸಿರೋದು.

ಟೆಕ್ಸಾಸ್ ಕನ್ನಡಿಗ
ಪದ ಗಿದ ಎಲ್ಲ ಆಮೇಲೆ. ನಿಜವಾದ ಸಮಸ್ಯೆ ಯಾರೂ ಹೇಳ್ತಿಲ್ಲ. ಮಗು ನಿಮ್ ಭಾಷೆ ಅಂದಿದೆ ಅಂದ್ರೆ ಮನೇಲಿ ಕನ್ನಡ ಇಲ್ಲ ಅಂತ ಅರ್ಥ. ವಾರಕ್ಕೊಂದ್ ಸಲ ಕ್ಲಾಸಿಗೆ ಬಿಟ್ಟು ಬಂದ್ರೆ ಭಾಷೆ ಬರಲ್ಲ, ಬಾಗಿಲು ದಾಟಿ ಒಳಗೆ ಬಂದ್ಮೇಲೆ ಇಂಗ್ಲಿಷ್ ಪೂರ್ತಿ ಬಂದ್ ಆಗ್ಬೇಕು. ನಮ್ಮನೇಲಿ ನಾನು ಅದನ್ನೇ ಮಾಡಿದ್ದು, ಇಂಗ್ಲಿಷಲ್ಲಿ ಕೇಳಿದ್ರೆ ಉತ್ತರಾನೇ ಕೊಡ್ತಿರಲಿಲ್ಲ, ಊಟ ಬೇಕಂದ್ರೂ ಕನ್ನಡದಲ್ಲೇ ಕೇಳ್ಬೇಕು. ಇಬ್ಬರು ಮಕ್ಳೂ ಈಗ ಊರಿಗೆ ಹೋದ್ರೆ ಅಜ್ಜಿ ಹತ್ರ ಗಂಟೆಗಟ್ಲೆ ಮಾತಾಡ್ತಾರೆ. ತಂದೆತಾಯಿಗೆ ಗಟ್ಟಿ ಮನಸ್ಸು ಇರ್ಬೇಕು.

ಲಂಡನ್ ಅಪ್ಪ
ಉತ್ತರಾನೇ ಕೊಡದೆ ಇದ್ರಾ? ಸಾರ್, ಎಲ್ಲ ಮಕ್ಳೂ ಒಂದೇ ತರ ಇರಲ್ಲ. ನಾನೂ ಹಂಗೇ ಮಾಡೋಕೆ ಹೋಗಿ ಮಗ ಮಾತಾಡೋದೇ ಕಡಿಮೆ ಮಾಡಿದ. ಈಗ ಅವನಿಗೆ ಮದುವೆ ಆಗಿದೆ, ಫೋನಲ್ಲಿ ಹಲೋ ಡ್ಯಾಡ್ ಅಂತಾನೆ, ಅಷ್ಟೇ. ಅವನ ಮಗೂಗೆ ನಾನು ತಾತ ಅಲ್ಲ, ಗ್ರ್ಯಾಂಪಾ. ನಾವು ಬಂದಾಗ ಕೈಯಲ್ಲಿ ಏನಿತ್ತು ಹೇಳಿ, ಹೊಟ್ಟೆ ಬಟ್ಟೆ ಕಟ್ಟಿ ಮಕ್ಳನ್ನ ಬೆಳೆಸಿದ್ವಿ, ಎರಡೆರಡು ಶಿಫ್ಟ್ ಮಾಡಿದ್ವಿ, ಮನೇಲಿ ಕೂತು ನಾಲ್ಕು ಮಾತು ಆಡೋಕೆ ಟೈಮೇ ಇರಲಿಲ್ಲ. ಈಗ ಟೈಮ್ ಇದೆ, ಕೇಳೋಕೆ ಮಗ ಇಲ್ಲ.

ಟೆಕ್ಸಾಸ್ ಕನ್ನಡಿಗ
ಕ್ಷಮಿಸಿ ಸಾರ್, ಆದ್ರೆ ನೀವು ಅರ್ಧಕ್ಕೆ ಬಿಟ್ಟಿದ್ದೀರಿ ಅನ್ಸುತ್ತೆ. ಮಕ್ಕಳು ಹಟ ಮಾಡ್ತಾರೆ, ನಾವು ಸೋಲಬಾರ್ದು. ಮನೇಲಿ ಕನ್ನಡ ಮಾತ್ರ. ಇದಕ್ಕೆ ಬೇರೆ ಔಷಧಿ ಇಲ್ಲ.

ಧಾರವಾಡದಾಂವ
ಮೇಡಂ ಅವರ ಪ್ರಶ್ನೀನ ಎಲ್ಲಾರೂ ಮರತಂಗ ಕಾಣತೈತಿ. ನಮ್ಮ ಕಡೆ ಮನ್ಯಾಗ ಬಟ್ಟಿಗೆ ಅರಿವಿ ಅಂತೀವ್ರಿ. ಅರಿವಿ ಒಗಿ, ಅರಿವಿ ಮಡಚು, ಹಬ್ಬಕ್ಕ ಹೊಸಾ ಅರಿವಿ. ಬೆಂಗಳೂರಾಗ ಹಿಂಗ ಅಂದ್ರ ಮಂದಿ ನಗತಿದ್ರು, ಖರೇ ಅಂದ್ರ ಅಚ್ಚಗನ್ನಡದ ಪದ ಅದು, ಸಂಸ್ಕೃತದಿಂದ ಬಂದಿದ್ದಲ್ಲ. ಅರಿವೆ ಅಂತ ಹಳೇ ಗ್ರಂಥದಾಗೂ ಐತಿ. ತಮಿಳಿನಾಗ ಅಱುವೈ ಅಂತ ಅದs ಪದ ಐತಿ, ಕತ್ತರಿಸೂದು ಅನ್ನೂ ಮೂಲದ್ದು, ಮಗ್ಗದಿಂದ ಕತ್ತರಿಸಿ ತಗದ ತುಂಡು ಅಂತ. ಅವರು ಈಗ ಬಟ್ಟಿಗೆ ತುಣಿ ಅಂತಾರಲ್ಲ, ಅದರ ಅರ್ಥಾನೂ ತುಂಡು ಅಂತನs. ನಮ್ಮ ತುಣುಕು ಅದರ ಸಂಬಂಧಿ. ನನ್ನ ಮಕ್ಕಳಿಗೆ ನಾ ಅರಿವಿ ಅಂತನs ಕಲಿಸೇನಿ. ಪುಸ್ತಕದ ಕನ್ನಡ ಕ್ಲಾಸಿನ್ಯಾಗ ಕಲೀಲಿ, ಮನೀ ಮಾತು ಮನ್ಯಾಗಿಂದನs ಬರಬೇಕು.

ಮಂಗಳೂರು ಟು ಟೊರೊಂಟೊ
ನಮ್ಮದು ಮನೆಯಲ್ಲಿ ತುಳು, ಬಟ್ಟೆಗೆ ಕುಂಟು ಅಂತ ಹೇಳುವುದು. ಮಗನಿಗೆ ತುಳು, ಕನ್ನಡ, ಇಂಗ್ಲಿಷ್, ಶಾಲೆಯಲ್ಲಿ ಫ್ರೆಂಚ್. ಅವನಿಗೆ ಏನೂ ಗೊಂದಲ ಆಗುವುದಿಲ್ಲ, ಗೊಂದಲ ಎಲ್ಲ ನಮಗೆ ದೊಡ್ಡವರಿಗೆ. ಮನೆಯಲ್ಲಿ ಕನ್ನಡ ಮಾತ್ರ ಅಂತ ಹೇಳುವವರು ನಮ್ಮಂಥವರ ಬಗ್ಗೆಯೂ ಸ್ವಲ್ಪ ಯೋಚನೆ ಮಾಡಬೇಕು ಮಾರಾಯ್ರೆ.

ಟೆಕ್ಸಾಸ್ ಕನ್ನಡಿಗ
ತುಳು ಬೇಡ ಅಂತ ನಾನೆಲ್ಲಿ ಅಂದೆ? ಇಂಗ್ಲಿಷ್ ಬೇಡ ಅಂದಿದ್ದು. ನಾಲ್ಕು ಭಾಷೆ ಕಲೀಲಿ, ಒಳ್ಳೇದೇ. ಆದ್ರೆ ಕನ್ನಡ ಗೊತ್ತಿರೋ ಅಪ್ಪ ಅಮ್ಮ ಮಕ್ಕಳ ಹತ್ರ ಇಂಗ್ಲಿಷಲ್ಲಿ ಮಾತಾಡ್ತಾರಲ್ಲ, ನನ್ನ ಕೋಪ ಅವರ ಮೇಲೆ.

ಸಿಂಗಪುರ ಶಿಕ್ಷಕಿ
ನಾನೂ ವಾರಾಂತ್ಯದ ಕ್ಲಾಸಲ್ಲಿ ಪಾಠ ಮಾಡ್ತೀನಿ, ಸಂಬಳ ಇಲ್ಲದ ಕೆಲಸ, ಪ್ರೀತಿಗೆ ಮಾಡೋದು. ಒಂದು ಗಂಟೇಲಿ ಹಾಜರಿ, ಅಕ್ಷರ, ಪದ್ಯ, ನಾಟಕದ ಪ್ರಾಕ್ಟೀಸ್ ಎಲ್ಲ ಆಗ್ಬೇಕು. ಗೀಟು ಹಾಕಿದ ಟೀಚರಿಗೆ ಬಿಡಿಸಿ ಹೇಳೋ ಸಮಯ ಸಿಕ್ಕಿಲ್ಲದೇ ಇರಬಹುದು, ಒಂದ್ ಸಲ ಅವರ ಹತ್ರಾನೇ ಮಾತಾಡಿ. ಮಗೂಗೆ ನಾನಾಗಿದ್ರೆ ಹೀಗೆ ಮಾಡ್ತೀನಿ: ಒಂದು ಹಾಳೇಲಿ ಎರಡು ಸಾಲು ಬರ್ಸಿ. ಮೇಲೆ ವರ್ತ್ಮ, ಬಟ್ಟೆ, ಬಟ್ಟೆಗ, ಹೆಬ್ಬಟ್ಟೆ. ಕೆಳಗೆ ಅವಳಿಗೆ ಗೊತ್ತಿರೋ ಬಟ್ಟೆ, ಅರಿವೆ, ಸೀರೆ, ಪಟ. ಲಂಗದ ಚಿತ್ರ ಕೆಳಗಿನ ಸಾಲಿಗೆ ಅಂಟಿಸ್ಲಿ, ಮೇಲಿನ ಸಾಲಿಗೆ ಒಂದು ರಸ್ತೆ ಬಿಡಿಸ್ಲಿ. ಆಮೇಲೆ ಅಂತರ್ಜಾಲದಲ್ಲಿ ಅಲರ್ ನಿಘಂಟು ತೆಗೆದು ಬಟ್ಟೆ ಅಂತ ಅವಳ ಕೈಲೇ ಹುಡುಕ್ಸಿ. ತಾನೇ ಹುಡುಕಿ ಸಿಕ್ಕಿದ್ದು ಮರೆಯಲ್ಲ. ದೊಡ್ಡವಳಾದ್ಮೇಲೆ 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟೂ ತೋರ್ಸಿ, ಜರ್ಮನಿಯಿಂದ ಬಂದವರು ನಮ್ಮ ಒಂದೊಂದು ಪದಾನೂ ಆರಿಸಿ ಇಟ್ಟಿದ್ದಾರೆ ಅಂತ ಗೊತ್ತಾಗ್ಲಿ. ಪರಭಾಷೆಯವರೊಬ್ಬರು ಕನ್ನಡಕ್ಕೆ ಅಷ್ಟು ವರ್ಷ ಕೊಟ್ರು ಅಂದ್ರೆ ನನ್ನ ಕ್ಲಾಸಿನ ಮಕ್ಳು ಕಣ್ಣರಳಿಸಿ ಕೇಳ್ತಾರೆ.

ನ್ಯೂಜೆರ್ಸಿ ಅತ್ತೆ
ಸೀರೆಗೂ ಹೀಗೆ ಕತೆ ಇದ್ಯಾ?

ಹಳೇ ನಿಘಂಟು
ಇದೆ. ಸಂಸ್ಕೃತದ ಚೀರ ಅಂದ್ರೆ ನಾರುಬಟ್ಟೆ, ಅದೇ ಸೀರೆ ಆಗಿರೋದು. ತೆಲುಗಲ್ಲಿ ಈಗ್ಲೂ ಸೀರೆಗೆ ಚೀರ ಅಂತಾರೆ. ಹಳಗನ್ನಡದಲ್ಲಿ ಸೀರೆ ಅಂದ್ರೆ ಬರೀ ಹೆಂಗಸರ ಉಡುಗೆ ಅಲ್ಲ, ಯಾರು ಉಟ್ರೂ ಸೀರೇನೇ.

ಬೆಂಗಳೂರಿಗೆ ವಾಪಸ್
ನಾವು ಮಗಳು ಹೈಸ್ಕೂಲಿಗೆ ಬರೋ ಮುಂಚೆ ಗಂಟು ಮೂಟೆ ಕಟ್ಕೊಂಡು ವಾಪಸ್ ಬಂದ್ವಿ, ಭಾಷೆಗೋಸ್ಕರಾನೇ. ಇಲ್ಲಿ ಬಂದು ನೋಡಿದ್ರೆ ಅಪಾರ್ಟ್‌ಮೆಂಟಲ್ಲಿ ಮಕ್ಕಳೆಲ್ಲ ಇಂಗ್ಲಿಷ್, ಹಿಂದಿ. ವಾಪಸ್ ಬಂದ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿರೋರು ದಯವಿಟ್ಟು ಯೋಚನೆ ಮಾಡಿ ಬನ್ನಿ. ಕೆಲಸ ಅಲ್ಲಿದ್ರೂ ನಮ್ಮದೇ, ಇಲ್ಲಿದ್ರೂ ನಮ್ಮದೇ.

ಟೆಕ್ಸಾಸ್ ಕನ್ನಡಿಗ
ಅದೇ ನಾನು ಮೊದಲಿಂದ ಹೇಳ್ತಿರೋದು. ಊರು ಯಾವ್ದಾದ್ರೇನು, ಮನೇಲಿ ಕನ್ನಡ ಇರ್ಬೇಕು. ಅಡ್ಮಿನ್, ಇದನ್ನ ಗುಂಪಿನ ಮೇಲ್ಗಡೆ ಪಿನ್ ಮಾಡಿ, ಪ್ರತಿ ತಿಂಗಳು ಯಾರಾದ್ರೂ ಒಬ್ರು ಇದೇ ಕೇಳ್ತಾರೆ.

ಅಟ್ಲಾಂಟಾ ಹೊಸಬ
ಪಿನ್ ಮಾಡೋದಾದ್ರೆ ಪದಗಳ ಉತ್ತರ ಪಿನ್ ಮಾಡಿ, ಅದು ಮೇಲೆಲ್ಲೋ ಮುಚ್ಚಿಹೋಗಿದೆ. ನಿಘಂಟು ಸಾರ್, ಒಂದು ಒಪ್ಪಲ್ಲ ನಾನು. ಪಟ್ಟದಿಂದ ಪಟ್ಟೆ ಅಂತ ಬೇರೆ ಪದಾನೇ ಇದೆಯಲ್ಲ, ನಮ್ಮಜ್ಜಿ ರೇಷ್ಮೆ ಸೀರೆಗೆ ಪಟ್ಟೆ ಸೀರೆ ಅಂತಾನೇ ಅಂತಿದ್ರು. ಹಾಗಿರೋವಾಗ ಬಟ್ಟೆ ವಸ್ತ್ರದಿಂದಾನೇ ಬಂದಿರ್ಬೇಕು, ವ ಹೋಗಿ ಬ ಆಗುತ್ತೆ ಅಂತ ನೀವೇ ಹೇಳಿದ್ದು.

ಹಳೇ ನಿಘಂಟು
ಪಟ್ಟೆ ಇದೆ ಅಂದ ಮಾತ್ರಕ್ಕೆ ಅದೇ ಮೂಲದಿಂದ ಇನ್ನೊಂದು ರೂಪ ಬರಬಾರ್ದು ಅಂತೇನಿಲ್ಲ. ವಸ್ತ್ರ ಪ್ರಾಕೃತದಲ್ಲಿ ವತ್ಥ ಆಗಿದೆ, ಅಲ್ಲಿ ತಕಾರ ಇದೆ, ಬಟ್ಟೆಯಲ್ಲಿರೋದು ಟಕಾರ. ತೆಲುಗಿನ ಬಟ್ಟ ಅನ್ನೋದರಲ್ಲೂ ಟಕಾರಾನೇ. ನನ್ನ ಒಲವು ಪಟ್ಟದ ಕಡೆಗೇ.

ಮೆಲ್ಬರ್ನ್ ಅಮ್ಮ
ಎಲ್ರಿಗೂ ಥ್ಯಾಂಕ್ಸ್. ಮನೇಲಿ ನಾವು ಕನ್ನಡಾನೇ ಮಾತಾಡೋದು ಸಾರ್, ಅದಕ್ಕೇ ಅವಳಿಗೆ ಬಟ್ಟೆ ಅಂದ್ರೆ ಉಟ್ಕೊಳ್ಳೋದು ಅಂತ ಗೊತ್ತಿದ್ದು. ಎರಡು ಸಾಲಿನ ಹಾಳೆ ಇವತ್ತೇ ಮಾಡಿಸ್ತೀನಿ. ಅವಳು ಈಗ ಇನ್ನೊಂದು ಕೇಳ್ತಿದಾಳೆ, ಬಟ್ಟಬಯಲು ಅಂದ್ರೆ ಬಟ್ಟೆ ಒಣಗಿಸೋ ಬಯಲಾ ಅಥ್ವಾ ದಾರಿ ಇರೋ ಬಯಲಾ ಅಂತ.

ಹಳೇ ನಿಘಂಟು
ಎರಡೂ ಅಲ್ಲ, ಮೂರನೇದು! ಬಟ್ಟ ಅಂದ್ರೆ ದುಂಡು, ವೃತ್ತದ ತದ್ಭವ. ನಿಂತು ಸುತ್ತ ನೋಡಿದ್ರೆ ಒಂದು ಮರೆಯೂ ಇಲ್ಲದ ಬಯಲು. ಜಾಣೆ ಅವಳು, ಕೇಳೋದನ್ನ ನಿಲ್ಲಿಸೋಕೆ ಬಿಡಬೇಡಿ.

ಧಾರವಾಡದಾಂವ
ಹಂಗಾರ ಜವಳಿನೂ ಕಲಸ್ರಿ. ಜವಳಿ ಅಂಗಡಿ ಅಂದ್ರ ಅರಿವಿ ಅಂಗಡಿ, ಅವಳಿಜವಳಿ ಅಂದ್ರ ಜೋಡಿ ಮಕ್ಕಳು. ಮಕ್ಕಳ ಜವಳಿ ಯಮಳ ಅನ್ನೂದ್ರಿಂದ ಬಂದದ್ದು, ಅಂಗಡೀದು ಬ್ಯಾರೆ.