ಮೂವತ್ತೈದು ತುಂಬದ ಒಂಟಿ ಬಾಡಿಗೆದಾರರು ಮನೆ ಹಂಚಿಕೊಳ್ಳಬೇಕೆಂಬ ಬ್ರಿಟನ್ನಿನ ನಿಯಮ ನ್ಯಾಯವೇ?

ಹೊಳೆದಂಡೆ (ಪ್ರಶ್ನೆ):

ನಮ್ಮ ಪರಿಚಿತರೊಬ್ಬರ ಮಗ ಲೀಡ್ಸ್ ನಗರದಲ್ಲೇ ಹುಟ್ಟಿ ಬೆಳೆದವನು. ಈಗ ಇಪ್ಪತ್ತೊಂಬತ್ತು ವರ್ಷ. ಒಂದು ಮಲಗುವ ಕೋಣೆಯ ಫ್ಲಾಟಿನಲ್ಲಿ ಒಬ್ಬನೇ ಬಾಡಿಗೆಗಿದ್ದಾನೆ. ಕೆಲಸ ಹೋದ ಮೇಲೆ, ಕೆಲಸವಿಲ್ಲದವರಿಗೂ ಕಡಿಮೆ ಆದಾಯದವರಿಗೂ ಸರ್ಕಾರ ಕೊಡುವ ಮಾಸಿಕ ನೆರವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದ. ಬಾಡಿಗೆಯ ಬಾಬ್ತು ಮಂಜೂರಾದ ಮೊತ್ತವನ್ನು ನೋಡಿದರೆ ಅದು ಅವನಿರುವ ಫ್ಲಾಟಿನ ಲೆಕ್ಕದ್ದಲ್ಲ; ಇತರರೊಡನೆ ಅಡುಗೆಮನೆ, ಬಚ್ಚಲುಮನೆ ಹಂಚಿಕೊಳ್ಳುವಂಥ ಮನೆಯ ಒಂದು ಕೋಣೆಯ ಲೆಕ್ಕದ್ದು. ಖಾಸಗಿ ಮಾಲೀಕರ ಮನೆಯಲ್ಲಿರುವ, ಜೊತೆಯಲ್ಲಿ ಸಂಗಾತಿಯಾಗಲಿ ಮಕ್ಕಳಾಗಲಿ ಇಲ್ಲದ, ಮೂವತ್ತೈದು ತುಂಬದವರಿಗೆ ಸಿಗುವುದು ಇಷ್ಟೇ ಎಂದು ಕಚೇರಿಯವರು ತಿಳಿಸಿದರಂತೆ. ಇದಕ್ಕೆ ಶೇರ್ಡ್ ಅಕಾಮಡೇಶನ್ ರೇಟ್ ಎಂದು ಹೆಸರು.

ಅವನ ತಂದೆ ಕೆಲಸವಿಲ್ಲದಾಗ ಸಿಗುವ ಬಾಡಿಗೆ ನೆರವಿನಿಂದಲೇ ಒಂದು ಕಾಲಕ್ಕೆ ಸಂಸಾರ ನಿಲ್ಲಿಸಿಕೊಂಡವರು. ಅವರಿಗೆ ಇದು ಅವಮಾನದಂತೆ ಕಾಣುತ್ತಿದೆ. ತೆರಿಗೆಯ ಹಣದಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಫ್ಲಾಟು ಕೊಡಲು ಸಾಧ್ಯವೇ ಎಂಬ ಅನುಮಾನ ನನ್ನದು. ಈ ವ್ಯವಸ್ಥೆಯನ್ನು ಹತ್ತಿರದಿಂದ ಬಲ್ಲವರು ಇದರ ನ್ಯಾಯಾನ್ಯಾಯವನ್ನು ತಿಳಿಸಬೇಕು. ಹುಡುಗನಿಗೆ ದಾರಿ ಏನಾದರೂ ಇದ್ದರೆ ಅದನ್ನೂ ಹೇಳಬೇಕು.

ನಿಷ್ಠುರವಾದಿ:

ಮೊದಲು ಒಂದು ತಪ್ಪುಕಲ್ಪನೆಯನ್ನು ಬದಿಗಿಡೋಣ. ಯಾವ ಅಧಿಕಾರಿಯೂ ಬಂದು ಈ ಯುವಕನನ್ನು ಫ್ಲಾಟಿನಿಂದ ಎಬ್ಬಿಸುವುದಿಲ್ಲ. ಸರ್ಕಾರ ಕೊಡುವ ಹಣಕ್ಕೆ ಒಂದು ಮಿತಿ ಇದೆ, ಅಷ್ಟೆ. ಅದರ ಮೇಲಿನ ವ್ಯತ್ಯಾಸವನ್ನು ತಾನೇ ತುಂಬಿಕೊಂಡು ಎಲ್ಲಿ ಬೇಕಾದರೂ ಇರಲು ಅವನು ಸ್ವತಂತ್ರ.

ಈ ನಿಯಮ ಹೊಸದೂ ಅಲ್ಲ. ಜಾನ್ ಮೇಜರ್ ಅವರ ಸರ್ಕಾರ 1996ರ ಅಕ್ಟೋಬರ್‌ನಲ್ಲಿ ಇಪ್ಪತ್ತೈದರೊಳಗಿನವರಿಗೆ ಇದನ್ನು ತಂದಿತು. ಮುಂದೆ ಹದಿಮೂರು ವರ್ಷ ಆಳಿದ ಲೇಬರ್ ಪಕ್ಷ ಅಲ್ಲಲ್ಲಿ ತಿದ್ದಿತೇ ಹೊರತು ರದ್ದುಮಾಡಲಿಲ್ಲ. 2010ರಲ್ಲಿ ಅಂದಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ವೆಚ್ಚ ಕಡಿತದ ಅಂಗವಾಗಿ ವಯೋಮಿತಿಯನ್ನು ಮೂವತ್ತೈದಕ್ಕೆ ಏರಿಸುವುದಾಗಿ ಘೋಷಿಸಿದರು. ಅದು 2012ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಹಿಂದಿನ ತರ್ಕ ಸರಳ. ಲಂಡನ್, ಬ್ರಿಸ್ಟಲ್, ಮ್ಯಾಂಚೆಸ್ಟರ್‌ಗಳಲ್ಲಿ ದುಡಿದು ತಿನ್ನುವ ಇಪ್ಪತ್ತೆಂಟರ ನರ್ಸ್, ಅಂಗಡಿಯ ಸಹಾಯಕ, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿ, ಇವರೆಲ್ಲ ಮೂರು ನಾಲ್ಕು ಜನ ಸೇರಿ ಮನೆ ಹಿಡಿದಿರುತ್ತಾರೆ. ಅವರ ತೆರಿಗೆಯ ಹಣದಲ್ಲಿ, ಅವರಿಗೇ ಎಟುಕದ ಸೌಕರ್ಯವನ್ನು ಅವರ ಓರಗೆಯವರಿಗೆ ಕೊಡುವುದನ್ನು ಯಾವ ನ್ಯಾಯದಿಂದ ಸಮರ್ಥಿಸುವುದು? ನೆರವು ಬೀಳದಂತೆ ಹಿಡಿಯುವುದಕ್ಕಿರಬೇಕು. ದುಡಿಯುವವನಿಗಿಂತ ಮೇಲೆ ಕೂರಿಸುವುದಕ್ಕಲ್ಲ.

ಕಿಟಕಿ:

ನಿಷ್ಠುರವಾದಿಯವರ ಹೋಲಿಕೆಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ದುಡಿಯುವ ನರ್ಸ್ ಯಾರೊಡನೆ ವಾಸಿಸಬೇಕೆಂಬುದನ್ನು ಬಹುಮಟ್ಟಿಗೆ ತಾನೇ ಆರಿಸಿಕೊಳ್ಳುತ್ತಾಳೆ. ಸಹೋದ್ಯೋಗಿಯನ್ನೋ ಗೆಳತಿಯನ್ನೋ ಜೊತೆ ಮಾಡಿಕೊಳ್ಳುತ್ತಾಳೆ, ಹೊಂದಿಕೆಯಾಗದಿದ್ದರೆ ಬೇರೆ ಮನೆ ನೋಡುತ್ತಾಳೆ. ಭತ್ಯೆಯ ಮೇಲಿರುವವನಿಗೆ ಬಾಗಿಲು ತೆರೆಯುವ ಮನೆಗಳೇ ಕಡಿಮೆ. ಭತ್ಯೆದಾರರಿಗೆ ಮನೆ ಕೊಡುವುದಿಲ್ಲವೆಂಬ ಸಾರಾಸಗಟು ನಿಷೇಧ ಸಮಾನತೆಯ ಕಾನೂನಿಗೆ ವಿರುದ್ಧವೆಂದು ಯಾರ್ಕ್‌ನ ಕೌಂಟಿ ನ್ಯಾಯಾಲಯ 2020ರಲ್ಲಿ ಹೇಳಿದ ಮೇಲೆ 'ನೋ ಡಿಎಸ್ಎಸ್' (ಭತ್ಯೆದಾರರಿಗೆ ಮನೆ ಇಲ್ಲ) ಎಂದು ಜಾಹೀರಾತಿನಲ್ಲೇ ಬರೆಯುವುದು ಕಷ್ಟವಾಯಿತು. ಆದರೆ ಹತ್ತು ಅರ್ಜಿಗಳಲ್ಲಿ ಸಂಬಳದ ಚೀಟಿ ಇರುವವನನ್ನೇ ಆರಿಸುವ ಮಾಲೀಕನನ್ನು ಯಾವ ತೀರ್ಪು ತಡೆಯುತ್ತದೆ? ಕೊನೆಗೆ ಉಳಿಯುವುದು ಯಾರೂ ಒಲ್ಲದ ಕೋಣೆ, ಯಾರೆಂದು ಗೊತ್ತಿಲ್ಲದ ನೆರೆ. ಅನೇಕರು ಸೇರಿ ವಾಸಿಸುವ, ಪರವಾನಗಿ ಬೇಕಾದ ಮನೆಗಳಲ್ಲಿ ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕೆಂದು ಇಂಗ್ಲೆಂಡಿನಲ್ಲಿ 2018ರಲ್ಲಿ ನಿಯಮ ಮಾಡಬೇಕಾಗಿ ಬಂತೆಂದರೆ, ಆ ಮಾರುಕಟ್ಟೆಯ ತಳ ಎಲ್ಲಿದೆಯೆಂದು ಊಹಿಸಬಹುದು.

ಎರಡನೆಯದಾಗಿ, ಆ ದರಕ್ಕೆ ಕೋಣೆಯಾದರೂ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಒಂದು ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟರೆ ಮಧ್ಯದ ಬಾಡಿಗೆಗೆ ಸಮನಾಗಿ ದರ ನಿಗದಿಪಡಿಸುವುದು ಹಿಂದಿನ ಪದ್ಧತಿಯಾಗಿತ್ತು. 2011ರಿಂದ ಅದನ್ನು ಆ ಸಾಲಿನಲ್ಲಿ ಕೆಳಗಿನಿಂದ ಶೇಕಡಾ 30ರ ಮಟ್ಟದಲ್ಲಿರುವ ಬಾಡಿಗೆಗೆ ಇಳಿಸಿದರು. ಆ ಮಟ್ಟವನ್ನಾದರೂ ಕಾಯ್ದುಕೊಂಡರೇ? 2016ರಿಂದ ನಾಲ್ಕು ವರ್ಷ ದರಗಳನ್ನು ಇದ್ದಲ್ಲೇ ನಿಲ್ಲಿಸಿದರು. 2020ರಲ್ಲಿ ಏರಿಸಿ ಮತ್ತೆ ನಿಲ್ಲಿಸಿದರು. 2024ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿಸಿ, ಮರುವರ್ಷ ಪುನಃ ನಿಲ್ಲಿಸಿದರು. ಬಾಡಿಗೆ ಮಾತ್ರ ಯಾವ ವರ್ಷವೂ ಕಾದು ನಿಲ್ಲಲಿಲ್ಲ. ಸಾಲದ್ದಕ್ಕೆ ಲೆಕ್ಕ ಹಾಕುವ ಪ್ರದೇಶಗಳು ಬಹಳ ವಿಶಾಲ. ಕೇಂಬ್ರಿಜ್ ನಗರವೂ ಅದಕ್ಕಿಂತ ಎಷ್ಟೋ ಅಗ್ಗವಾದ ಈಲಿ ಪಟ್ಟಣವೂ ಒಂದೇ ಲೆಕ್ಕಕ್ಕೆ ಸೇರುವುದರಿಂದ, ನಗರದೊಳಗೆ ಕೆಲಸ ಹುಡುಕುತ್ತಿರುವವನಿಗೆ ಆ ದರದಿಂದ ಏನೂ ಪ್ರಯೋಜನವಿಲ್ಲ.

ವಯಸ್ಸಿನ ಗೆರೆಯ ಬಗ್ಗೆ ಹೇಳದೆ ಇರಲಾಗದು. ಮೂವತ್ತೈದನೆಯ ಹುಟ್ಟುಹಬ್ಬದಂದು ಮನುಷ್ಯನ ಅಗತ್ಯದಲ್ಲಿ ಆಗುವ ಬದಲಾವಣೆಯಾದರೂ ಏನು? ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಮೂವತ್ತಾರರವನು ಹಂಚಿಕೆಯ ಮನೆಯಲ್ಲೇ ಇದ್ದರೂ ಅವನ ಬಾಡಿಗೆಗೆ ಒಂದು ಮಲಗುವ ಕೋಣೆಯ ಫ್ಲಾಟಿನ ಮಿತಿ ಅನ್ವಯಿಸುತ್ತದೆ. ಪಕ್ಕದ ಕೋಣೆಯ ಮೂವತ್ತಮೂರರವನಿಗೆ ಅನ್ವಯಿಸುವುದು ಕಡಿಮೆ ಮಿತಿ. ಇನ್ನು ಬೇರ್ಪಟ್ಟ ತಂದೆಯ ಸ್ಥಿತಿಯನ್ನು ನೋಡಿ. ಮಗು ತಾಯಿಯ ಬಳಿ ಇದ್ದು ವಾರಾಂತ್ಯದಲ್ಲಿ ಮಾತ್ರ ಇವನ ಬಳಿಗೆ ಬರುವುದಾದರೆ, ನಿಯಮದ ಕಣ್ಣಿಗೆ ಇವನು ಮಕ್ಕಳಿಲ್ಲದ ಒಂಟಿ. ಅಪರಿಚಿತರು ಓಡಾಡುವ ಮನೆಯಲ್ಲಿ ಮಗುವನ್ನು ರಾತ್ರಿ ಮಲಗಿಸಲು ಯಾವ ತಾಯಿ ಒಪ್ಪುತ್ತಾಳೆ? ಗರ್ಭಿಣಿಯೂ ಹಾಗೆಯೇ, ಹೆರಿಗೆಯಾಗುವವರೆಗೆ ಆಕೆ ಲೆಕ್ಕದಲ್ಲಿ ಒಬ್ಬಳೇ.

ಉಳಿತಾಯದ ಹುಮ್ಮಸ್ಸು ಎಲ್ಲಿಗೆ ಮುಟ್ಟಿತ್ತೆಂದರೆ, 2017ರ ಏಪ್ರಿಲ್‌ನಿಂದ ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನ ಅನೇಕ ಹೊಸ ಅರ್ಜಿದಾರರಿಗೆ ಬಾಡಿಗೆ ನೆರವಿನ ಹಕ್ಕನ್ನೇ ತೆಗೆದುಹಾಕಿದ್ದರು. ಮರುವರ್ಷ ಅದೇ ಕನ್ಸರ್ವೇಟಿವ್ ಪಕ್ಷದ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು.

ಹಳೆಯ ಸಲಹೆಗಾರ್ತಿ:

ವಸತಿ ಸಲಹಾ ಕೇಂದ್ರವೊಂದರಲ್ಲಿ ಕೆಲವು ವರ್ಷ ಸ್ವಯಂಸೇವಕಿಯಾಗಿದ್ದೆ. ನ್ಯಾಯದ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಹುಡುಗನ ವಿಷಯ ಮೊದಲು.

ಈ ದರದಿಂದ ವಿನಾಯಿತಿ ಪಡೆಯುವವರು ಇದ್ದಾರೆ, ಮತ್ತು ಅವರಲ್ಲಿ ಎಷ್ಟೋ ಮಂದಿಗೆ ತಾವು ಅರ್ಹರೆಂಬುದೇ ಗೊತ್ತಿರುವುದಿಲ್ಲ. ಬಾಲ್ಯದಲ್ಲಿ ಸ್ಥಳೀಯ ಆಡಳಿತದ ಪೋಷಣೆಯಲ್ಲಿ ಬೆಳೆದವರಿಗೆ ಇಪ್ಪತ್ತೈದು ತುಂಬುವವರೆಗೆ ವಿನಾಯಿತಿಯಿದೆ. 2021ಕ್ಕೆ ಮೊದಲು ಅದು ಇಪ್ಪತ್ತೆರಡಕ್ಕೇ ಮುಗಿಯುತ್ತಿತ್ತು. ನಿರ್ಗತಿಕರ ಹಾಸ್ಟೆಲಿನಲ್ಲಿ ಒಟ್ಟು ಮೂರು ತಿಂಗಳು ಇದ್ದು ಪುನರ್ವಸತಿಯ ಬೆಂಬಲ ಪಡೆದವರಿಗೂ ಇದೆ. ಆ ಮೂರು ತಿಂಗಳು ಒಂದೇ ಸಲ ಕಳೆದಿರಬೇಕೆಂದೇನಿಲ್ಲ. ಕೌಟುಂಬಿಕ ಹಿಂಸೆಗೆ ಒಳಗಾದವರನ್ನು 2022ರ ಅಕ್ಟೋಬರ್‌ನಿಂದ ಸೇರಿಸಿದರು. ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆಯ ಕಾರಣ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ನ ದೈನಂದಿನ ಜೀವನದ ಭಾಗ ಪಡೆಯುತ್ತಿರುವವರಿಗೂ ಈ ನಿಯಮ ಅನ್ವಯಿಸದು. ಖಿನ್ನತೆ, ತೀವ್ರ ಆತಂಕದಂಥ ತೊಂದರೆಯಿರುವವರು ಆ ಭತ್ಯೆಗೆ ಅರ್ಜಿಯನ್ನೇ ಹಾಕಿರುವುದಿಲ್ಲ. ಹುಡುಗನಿಗೆ ಅಂಥದ್ದೇನಾದರೂ ಇದ್ದರೆ ಮೊದಲು ಅದನ್ನು ವಿಚಾರಿಸಿ. ಕೌನ್ಸಿಲ್ (ಸ್ಥಳೀಯ ಆಡಳಿತ) ಅಥವಾ ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡುವ ವಸತಿ ಸಂಘದ ಮನೆಗೂ ಈ ಮಿತಿ ಇಲ್ಲ, ಆದರೆ ಒಂಟಿ ಯುವಕನ ಸರದಿ ಅಲ್ಲಿ ಬೇಗ ಬರುವುದಿಲ್ಲ.

ಯಾವ ವಿನಾಯಿತಿಯೂ ಇಲ್ಲದಿದ್ದರೆ, ಬಾಡಿಗೆಯ ಕೊರತೆ ತುಂಬಲು ಕೌನ್ಸಿಲ್‌ನ ವಿವೇಚನೆಗೆ ಬಿಟ್ಟ ನೆರವಿನ ಹಣಕ್ಕೆ ಕೂಡಲೇ ಅರ್ಜಿ ಹಾಕಲಿ. ಅದು ಹಕ್ಕಲ್ಲ, ಸಾಮಾನ್ಯವಾಗಿ ತಾತ್ಕಾಲಿಕ. ಆದರೂ ನೋಟಿಸ್ ಅವಧಿ ಕಳೆಯಲು ಒದಗುತ್ತದೆ. ಹಿಂದೆ ಬಾಡಿಗೆಗೆಂದೇ ಕೊಡುತ್ತಿದ್ದ ಹಳೆಯ ಹೌಸಿಂಗ್ ಬೆನಿಫಿಟ್‌ನಲ್ಲಿ, ಕೆಲಸವಿದ್ದಾಗ ಬಾಡಿಗೆ ಕಟ್ಟಲು ಶಕ್ತನಾಗಿದ್ದವನಿಗೆ ಮೊದಲ ಹದಿಮೂರು ವಾರ ಪೂರ್ತಿ ಬಾಡಿಗೆ ಸಿಗುವ ರಕ್ಷಣೆಯಿತ್ತು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅದನ್ನು ಉಳಿಸಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕ್ರೂರವಾದದ್ದು ಇದೇ. ಮನೆ ಹಂಚಿಕೊಳ್ಳಬೇಕಾದದ್ದು ಅಷ್ಟು ದೊಡ್ಡ ಕಷ್ಟವಲ್ಲ. ಮೂರು ತಿಂಗಳೊಳಗೆ ಇನ್ನೊಂದು ಕೆಲಸ ಹಿಡಿಯಬಹುದಾಗಿದ್ದವನು ಅದೇ ಹೊತ್ತಿಗೆ ಮನೆ ಬದಲಿಸಲು, ಮುಂಗಡ ಹೊಂದಿಸಲು, ಬಾಕಿ ಬಾಡಿಗೆಯ ಪತ್ರಗಳಿಗೆ ಉತ್ತರಿಸಲು ಓಡಾಡಬೇಕಾಗುತ್ತದೆ. ಇಪ್ಪತ್ತೈದು ದಾಟಿದ ಒಂಟಿ ವ್ಯಕ್ತಿಗೆ ಬಾಡಿಗೆಯ ಹೊರತಾಗಿ 2025-26ರಲ್ಲಿ ಸಿಗುತ್ತಿದ್ದದ್ದು ತಿಂಗಳಿಗೆ 400.14 ಪೌಂಡ್. ವ್ಯತ್ಯಾಸವನ್ನು ತಾನೇ ತುಂಬಿಕೊಳ್ಳಲಿ ಎನ್ನುವವರು ಊಟ, ವಿದ್ಯುತ್ತು, ಬಸ್ಸು ಕಳೆದ ಮೇಲೆ ಅದರಲ್ಲಿ ಏನು ಉಳಿಯುತ್ತದೆಂದು ಲೆಕ್ಕ ಹಾಕಿ ನೋಡಬೇಕು.

ಹಂಚಿಕೊಳ್ಳುವುದೇ ಆದರೆ ಅಪರಿಚಿತರ ಮನೆಯ ಕೋಣೆಗಿಂತ, ನಂಬುಗೆಯ ಗೆಳೆಯನೊಡನೆ ಎರಡು ಮಲಗುವ ಕೋಣೆಯ ಮನೆ ಹಿಡಿಯುವುದು ಲೇಸು. ಇಬ್ಬರೂ ಪ್ರತ್ಯೇಕವಾಗಿ ಅರ್ಜಿ ಹಾಕಬಹುದು. ಕರಾರು ಜಂಟಿಯಾಗಿದ್ದರೆ ಒಬ್ಬ ಬಾಡಿಗೆ ತಪ್ಪಿಸಿದಾಗ ಪೂರ್ತಿ ಹೊಣೆ ಇನ್ನೊಬ್ಬನ ಮೇಲೂ ಬೀಳುತ್ತದೆ ಎಂಬುದನ್ನು ತಿಳಿದೇ ಸಹಿ ಮಾಡಲಿ. ಜೊತೆಗಿರುವವಳು ಗೆಳತಿಯಾದರೆ, ನೀವು ದಂಪತಿಗಳಂತೆ ಬಾಳುತ್ತಿದ್ದೀರಾ ಎಂಬ ವಿಚಾರಣೆಯೂ ಬರಬಹುದು. ಖರ್ಚು ಬೇರೆ ಬೇರೆ ಎಂದು ತೋರಿಸುವ ಕಾಗದಗಳನ್ನು ಇಟ್ಟುಕೊಂಡಿರಬೇಕು.

ನಿಷ್ಠುರವಾದಿ:

ದರಗಳನ್ನು ಹೆಪ್ಪುಗಟ್ಟಿಸಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದು ಎಲ್ಲ ವಯಸ್ಸಿನ ಬಾಡಿಗೆದಾರರ ದೂರು. ಹಂಚಿಕೊಳ್ಳಬೇಕೆಂಬ ತತ್ತ್ವದ ದೋಷವಲ್ಲ. ಮೂವತ್ತೈದರೊಳಗಿನ ಎಲ್ಲ ಒಂಟಿ ಅರ್ಜಿದಾರರಿಗೂ ಫ್ಲಾಟಿನ ದರ ಕೊಟ್ಟರೆ, ಈಗಾಗಲೇ ಸಾಲದ ಸಣ್ಣ ಫ್ಲಾಟುಗಳಿಗೆ ಇನ್ನಷ್ಟು ಜನ ಮುಗಿಬೀಳುತ್ತಾರೆ, ಹೆಚ್ಚಿಸಿದ ಹಣದ ಒಂದು ಪಾಲು ಮಾಲೀಕರ ಜೇಬು ಸೇರುತ್ತದೆ. ಹದಿಮೂರು ವಾರದ ರಕ್ಷಣೆಯನ್ನು ಮರಳಿ ತರುವುದಕ್ಕೆ ನನ್ನ ವಿರೋಧವಿಲ್ಲ. ದುಡಿದು ತೆರಿಗೆ ಕಟ್ಟಿದವನಿಗೆ ಅಷ್ಟು ಸಲ್ಲಬೇಕು.

ಕಿಟಕಿ:

ಸಣ್ಣ ಫ್ಲಾಟುಗಳು ಸಾಲವು ಎಂಬುದು ಅವನ್ನು ಕಟ್ಟದಿದ್ದವರ ಲೋಪ. ಅದರ ದಂಡವನ್ನು ಮೂವತ್ತೈದರೊಳಗಿನವರಿಂದ ಮಾತ್ರ ವಸೂಲಿ ಮಾಡುವುದೇಕೆ ಎಂಬ ನನ್ನ ಪ್ರಶ್ನೆಗೆ ನಿಮ್ಮಿಂದ ಉತ್ತರ ಬರಲಿಲ್ಲ. ಗೆರೆ ಬೇಕೇಬೇಕೆಂದರೆ ಹಳೆಯ ಇಪ್ಪತ್ತೈದಕ್ಕೆ ಮರಳಲಿ, ವಾರಾಂತ್ಯದ ಮಗುವನ್ನೂ ಲೆಕ್ಕಕ್ಕೆ ಹಿಡಿಯಲಿ.

ಹೊಳೆದಂಡೆ:

ಎಲ್ಲರಿಗೂ ಕೃತಜ್ಞತೆಗಳು. ಹುಡುಗನಿಗೆ ಎರಡು ವರ್ಷದಿಂದ ಆತಂಕದ ತೊಂದರೆಗೆ ಚಿಕಿತ್ಸೆ ನಡೆದಿದೆ ಎಂಬುದು ನಿಮ್ಮ ಉತ್ತರಗಳನ್ನು ಅವನ ತಂದೆಗೆ ಓದಿ ಹೇಳಿದಾಗಲಷ್ಟೇ ಗೊತ್ತಾಯಿತು. ಆ ಭತ್ಯೆಗೆ ಅವನು ಅರ್ಜಿ ಹಾಕಿಲ್ಲ. ಅದರ ತೀರ್ಮಾನ ಬರುವವರೆಗೆ ಕೌನ್ಸಿಲ್‌ನ ನೆರವಿಗೂ ಜೊತೆಜೊತೆಗೆ ಅರ್ಜಿ ಹಾಕಬಹುದೇ?

ಹಳೆಯ ಸಲಹೆಗಾರ್ತಿ:

ಧಾರಾಳವಾಗಿ ಹಾಕಬಹುದು, ಎರಡನ್ನೂ ಈ ವಾರವೇ ಹಾಕಲಿ. ಭತ್ಯೆ ಮಂಜೂರಾದ ದಿನವೇ ಯೂನಿವರ್ಸಲ್ ಕ್ರೆಡಿಟ್ ಖಾತೆಯಲ್ಲಿ ಬರೆದು ತಿಳಿಸಲಿ. ವಿನಾಯಿತಿ ತಾನಾಗಿಯೇ ಸಿಗುತ್ತದೆಂದು ನಂಬಿ ಕೂರುವುದು ಬೇಡ.