ಪದಚರ್ಚೆ: ಪ್ರಿಪ್ರೊಸೆಸರ್‌ಗೆ ಕನ್ನಡದಲ್ಲಿ ಏನು? (ನಾಳೆಯೇ ಬೇಕು)

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ವಿದ್ಯಾರ್ಥಿಗಳ ಸಿ ಲ್ಯಾಬಿನ ಗೋಡೆಗೆ ಜಿಸಿಸಿ (ಸಿ ಭಾಷೆಯ ಕಂಪೈಲರ್) ಬಳಕೆಯ ಚಾರ್ಟ್ ನಾಳೆ ಮುದ್ರಣಕ್ಕೆ ಹೋಗಬೇಕು. ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ ‘ಸಂಕಲಕ’ ಎಂದಿಟ್ಟಿದೆ. ಅದಕ್ಕೂ ಮೊದಲು ಕೋಡನ್ನು ಅಣಿಗೊಳಿಸುವ ಪ್ರಿಪ್ರೊಸೆಸರ್‌ಗೆ ‘ಮುನ್‌ಸಂಸ್ಕಾರಕ’ ಆದೀತೆ? ಇಲ್ಲಾ ಎರಡೂ ಹಂತ ಸೇರಿಸಿ ‘ಸಂಕಲನ’ ಎಂದರೆ ಸಾಕೆ?

ಮರು:
‘ಮುನ್‌ಸಂಸ್ಕಾರಕ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ. ಗಮಕ, ಕ್ರಿಯಾ ಎಂಬ ಎರಡು ಬಗೆಯ ಸಮಾಸಗಳಿಗೆ ಆ ದೋಷ ತಟ್ಟದು. ಇದು ಎರಡೂ ಅಲ್ಲ. ‘ಪೂರ್ವಸಂಸ್ಕಾರಕ’ ಎನ್ನಿ, ಇಲ್ಲವೇ ಪೂರ್ತಿ ಕನ್ನಡದಲ್ಲಿ ‘ಮುನ್ನಣಿಗ’ ಎನ್ನಿ: ಮುನ್ + ಅಣಿ. ‘ಸಂಕಲನ’ವಂತೂ ಈಗಾಗಲೇ ಕೂಡುವ ಲೆಕ್ಕಕ್ಕೆ, ಕವನಗಳಿಗೆ, ಸಿನಿಮಾ ಎಡಿಟಿಂಗಿಗೆ ಹಂಚಿಹೋಗಿದೆ. ನಾಲ್ಕನೆಯ ಹೊರೆ ಬೇಡ.

ಮರು:
ಸಮಾಸ ಆಮೇಲೆ ನೋಡೋಣ. ಎರಡು ಹಂತಕ್ಕೆ ಒಂದೇ ಪದ ಇಡಲೇಬೇಡಿ, ತಪ್ಪು ಎಲ್ಲಿದೆ ಎಂದು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಹ್ಯಾಶ್ ಡಿಫೈನ್‌ನಲ್ಲಿ (#define, ಒಂದು ಹೆಸರಿಗೆ ಬದಲಿ ಪಠ್ಯ ಕೊಡುವ ಮ್ಯಾಕ್ರೊ ಸಾಲು) ವರ್ಗ(ಕ) ಎಂಬುದಕ್ಕೆ ಕ*ಕ ಎಂದು ಬರೆದು ವರ್ಗ(2+3) ಕೇಳಿದರೆ 25 ಬರದು, 11 ಬರುತ್ತದೆ. ಪ್ರಿಪ್ರೊಸೆಸರ್ ಲೆಕ್ಕ ಮಾಡುವುದಿಲ್ಲ, ಅಕ್ಷರಶಃ 2+3*2+3 ಎಂದು ತುಂಬಿಸಿ ಮುಂದೆ ಕಳಿಸುತ್ತದೆ. ಕಂಪೈಲರ್‌ಗೆ ಅದರಲ್ಲಿ ತಪ್ಪೇನೂ ಕಾಣದು. ((ಕ)*(ಕ)) ಎಂದು ಕಂಸ ಹಾಕಬೇಕು. (ಜಿಸಿಸಿ 10ರಿಂದ ಇಂಥ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು.)

ಇದನ್ನು ಕಣ್ಣಾರೆ ತೋರಿಸುವುದು ಜಿಸಿಸಿ ಆಜ್ಞೆಗೆ ಸೇರಿಸುವ ‘ಇ’ (-E) ಆಯ್ಕೆ; ಅದು ಪ್ರಿಪ್ರೊಸೆಸರ್ ಹಂತಕ್ಕೇ ನಿಲ್ಲಿಸುತ್ತದೆ. ದೊಡ್ಡ ‘ಇ’ ಎಂದು ಚಾರ್ಟಿನಲ್ಲಿ ಒತ್ತಿ ಹೇಳಿ. ಚಿಕ್ಕದು ಲಿಂಕರ್‌ಗೆ (ಕಂಪೈಲಾದ ತುಣುಕುಗಳನ್ನು ಕೊನೆಗೆ ಜೋಡಿಸುವ ಹಂತ) ಹೋಗುವ ಬೇರೆಯೇ ಸೂಚನೆ. ಫಲಿತಾಂಶ ತೆರೆಯ ಮೇಲೆ ನೂರಾರು ಸಾಲು ಉಕ್ಕಿ ಬರುತ್ತದೆ, ಏಕೆಂದರೆ ಹೆಡರ್ ಫೈಲುಗಳೆಲ್ಲ (ಸಿದ್ಧ ಘೋಷಣೆಗಳಿರುವ ಫೈಲುಗಳು) ಒಳಗೆ ಬಂದಿರುತ್ತವೆ. ಹಾಗಾಗಿ ಚಿಕ್ಕ ‘ಓ’ ಕೊಟ್ಟು ಫೈಲಿಗೆ ಇಳಿಸಿಕೊಂಡು ಕೊನೆಯಿಂದ ಓದಬೇಕು. ನಡುವೆ ಹ್ಯಾಶ್‌ನಿಂದ ಶುರುವಾಗುವ ಸಾಲುಗಳು ಯಾವ ಫೈಲಿನ ಎಷ್ಟನೆಯ ಸಾಲು ಎಂಬ ಗುರುತುಗಳು; ಬೇಡವಾದರೆ ದೊಡ್ಡ ‘ಪಿ’ ಸೇರಿಸಿ.

ಹೆಡರ್ ಸಿಗಲಿಲ್ಲ ಎಂಬ ದೂರು ಪ್ರಿಪ್ರೊಸೆಸರ್‌ನದು: ದೊಡ್ಡ ‘ಐ’ ಕೊಟ್ಟು ಫೋಲ್ಡರ್ ತೋರಿಸಿ. ‘ಅನ್‌ಡಿಫೈನ್ಡ್ ರೆಫರೆನ್ಸ್’ (ಬಳಸಿದ ಹೆಸರಿನ ಅಸಲು ಸಿಗಲಿಲ್ಲ) ಎಂದರೆ ಲಿಂಕರ್‌ನದು: ಲೈಬ್ರರಿಯ ಹೆಸರನ್ನು ಸೋರ್ಸ್ ಫೈಲಿನ ನಂತರ ಬರೆಯಿರಿ. ಮೊದಲು ಬರೆದರೆ ಲಿಂಕರ್ ಅದನ್ನು ನೋಡುವ ಹೊತ್ತಿಗೆ ಯಾರೂ ಏನೂ ಕೇಳಿರುವುದಿಲ್ಲ.

ಮರು:
ದೂರುಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಗೋಡೆಯ ಪದ ತೆರೆಯ ಪದಕ್ಕೆ ತಾಳೆಯಾಗದಿದ್ದರೆ ವಿದ್ಯಾರ್ಥಿಗೇನು ಉಪಯೋಗ? ‘ಪ್ರಿಪ್ರೊಸೆಸರ್’ ಎಂದೇ ಬರೆಯಿರಿ. ಬಸ್ಸು, ಟಿಕೆಟ್ಟು ಬಂದಿದ್ದಕ್ಕೆ ಕನ್ನಡ ಕೆಡಲಿಲ್ಲ.

ಮರು:
ಬಸ್ಸು ವಸ್ತುವಿನ ಜೊತೆ ಬಂತು. ಇದು ಕೆಲಸದ ಹೆಸರು, ಧಾತು ನಮ್ಮಲ್ಲೇ ಇದೆ. ‘ತಂತ್ರಾಂಶ’ವೂ ಮೊದಲು ಯಾರಿಗೂ ಗೊತ್ತಿರಲಿಲ್ಲ, ಬಳಸಿದ್ದಕ್ಕೆ ಉಳಿಯಿತು.

ಮರು:
‘ತಂತ್ರಾಂಶ’ ಕನ್ನಡವೆಂದು ಯಾರು ಹೇಳಿದರು? ಸಂಸ್ಕೃತದಿಂದ ತಂದರೆ ಕನ್ನಡ, ಇಂಗ್ಲಿಷಿನಿಂದ ತಂದರೆ ಸಾಲ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಮರು:
ಧನ್ಯವಾದ. ಚಾರ್ಟಿನಲ್ಲಿ ಹೀಗೆ ಹೋಗುತ್ತಿದೆ: ‘ಹಂತ 1, ಪ್ರಿಪ್ರೊಸೆಸರ್ (ಮುನ್ನಣಿಗ): ಹೆಡರ್ ಸೇರಿಸುತ್ತದೆ, ಮ್ಯಾಕ್ರೊ ಬಿಡಿಸುತ್ತದೆ. ನೋಡಲು ದೊಡ್ಡ ಇ.’ ಕಂಪೈಲರ್, ಲಿಂಕರ್‌ಗಳಿಗೆ ಬೇರೆ ಬೇರೆ ಸಾಲು.

ಮರು:
ಲಿಂಕರ್‌ಗೆ ‘ಬೆಸುಗ’ ಹಾಕಿ. ‘ಸಂಯೋಜಕ’ ಬೇಡ.